ತಾತನ ಮುಖಕ್ಕೊಂದಿಷ್ಟು ನಾಯ್ಸ್

ಫೋಟೋದಿಂದ ನಾಯ್ಸ್ ತೆಗೆಯೋಕೆ ನೂರೆಂಟು ಆ್ಯಪ್ ಇವೆ. ನಾನು ಹಾಕ್ತೀನಿ, ಬೇಕಂತಲೇ.

ಚಿಕ್ಕಯ್ಯನಛತ್ರದ ನಮ್ಮನೇಲಿ ತಾತಂದು ಅಂತ ಇರೋದು ಒಂದೇ ಫೋಟೋ, ಕಪ್ಪು-ಬಿಳುಪು. ಗೋಡೆಯ ತೇವಕ್ಕೆ ಎಡಗೆನ್ನೆ, ಭುಜ ಕಿತ್ತುಹೋಗಿದೆ. ತಮ್ಮ ಅದನ್ನ ಯಾವುದೋ ಆ್ಯಪ್‌ಗೆ ಹಾಕಿ ಪಳಪಳ ಮಾಡಿ ತಂದ. ಅಜ್ಜಿ ಕನ್ನಡಕ ಏರಿಸಿ ನೋಡಿ, "ಯಾರಪ್ಪಾ ಇವ್ರು?" ಅಂದ್ರು. ತಾತನ ಮುಖದ ತುಂಬ ಸಿಡುಬಿನ ಕಲೆ. ಆ್ಯಪ್ ಅದನ್ನೂ ನಾಯ್ಸ್ ಅಂದ್ಕೊಂಡು ಒರೆಸಿಹಾಕಿತ್ತು.

ಮೂಲ ಫೋಟೋ ಸ್ಕ್ಯಾನ್ ಮಾಡಿ ಜಿಂಪ್‌ನಲ್ಲಿ ಕೂತೆ. ಕಿತ್ತುಹೋದ ಜಾಗಕ್ಕೆ ಬೂದುಬಣ್ಣ ತುಂಬೋದು ಸುಲಭ; ಆದ್ರೆ ಗಾರೆ ಮೆತ್ತಿದ ಹಾಗೆ ಎದ್ದು ಕಾಣುತ್ತೆ. ಹಳೇ ಫಿಲ್ಮ್‌ನಲ್ಲಿ ಚಿತ್ರ ಮೂಡೋದೇ ಬೆಳ್ಳಿಯ ಸಣ್ಣ ಕಣಗಳಿಂದ. ಅವು ಒಂದೇ ಅಳತೆಯಲ್ಲಿರಲ್ಲ, ಸಾಲಾಗಿ ಕೂರಲ್ಲ. ತೇಪೆಯ ಮೇಲೂ ಆ ಮರಳು ಉದುರಿಸಬೇಕು. ಬೇರೆ ಲೇಯರ್ ಮೇಲೆ ನಾಯ್ಸ್ ಫಿಲ್ಟರ್ ಹಾಕಿದೆ, ಮೂರೂ ಬಣ್ಣಕ್ಕೆ ಒಂದೇ ಬೆಲೆ ಬರೋ ಹಾಗೆ. ಇಲ್ದಿದ್ರೆ ತಾತನ ಕೆನ್ನೆ ಮೇಲೆ ಕೆಂಪು, ಹಸಿರು ಚುಕ್ಕಿ! ಕಂಪ್ಯೂಟರ್ ಹಾಕೋ ಚುಕ್ಕಿ ತೀರಾ ಚೂಪು, ಅದಕ್ಕೇ ಚೂರೇ ಚೂರು ಬ್ಲರ್. 8 ಬಿಟ್ ಚಿತ್ರದಲ್ಲಿ ಬೂದು ಛಾಯೆ ಇರೋದು 256 ಮಾತ್ರ. ಹಿಂದಿನ ಪರದೇಲಿ ಎದ್ದಿದ್ದ ಪಟ್ಟೆಗಳೂ ಇದೇ ನಾಯ್ಸ್‌ಗೆ ಮುಚ್ಚಿಹೋದವು.

ಎಡಗೆನ್ನೆಗೆ ಮಾತ್ರ ಕಲೆ ಬರೆದಿಲ್ಲ. ಬಲಗೆನ್ನೆದು ಕಾಪಿ ಮಾಡೋದು ಎರಡು ನಿಮಿಷದ ಕೆಲಸ, ಮನಸ್ಸು ಬರಲಿಲ್ಲ. ಎಲ್ಲೆಲ್ಲಿ ಇದ್ವು ಅಂತ ಗೊತ್ತಿರೋದು ಅಜ್ಜಿಗೊಬ್ಬರಿಗೇ. ದೀಪಾವಳಿಗೆ ಲ್ಯಾಪ್‌ಟಾಪ್ ಊರಿಗೆ ತಗೊಂಡು ಹೋಗ್ತಿದೀನಿ, ಅವರೇ ಬೆರಳಿಟ್ಟು ತೋರಿಸ್ಲಿ.