ದುಬೈ ಪ್ರವಾಸಕ್ಕೆ ಸಕಾಲ ಯಾವುದು?

ಮಕ್ಕಳು ದುಡಿಮೆಗೆಂದು ಕೊಲ್ಲಿ ದೇಶಗಳಿಗೆ ಹೋಗಿ ನೆಲೆಸಿರುವ ಮನೆಗಳು ಇಂದು ನಮ್ಮ ಊರುಗಳಲ್ಲಿ ವಿರಳವೇನಲ್ಲ. ಒಂದಲ್ಲ ಒಂದು ದಿನ ಆ ಮಕ್ಕಳಿಂದ ತಂದೆತಾಯಿಗಳಿಗೆ ಕರೆ ಬರುತ್ತದೆ. 'ಒಂದು ತಿಂಗಳಾದರೂ ಬಂದು ಇದ್ದು ಹೋಗಿ' ಎಂಬ ಒತ್ತಾಯ ಮೊದಲಾಗುತ್ತದೆ. ಆಗ ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟ್ಟುಗಳ ಬಗೆಗೆ ನಡೆಯುವಷ್ಟು ವಿಚಾರ ಯಾವ ತಿಂಗಳಲ್ಲಿ ಹೋಗಬೇಕೆಂಬುದರ ಬಗೆಗೆ ನಡೆಯುವುದಿಲ್ಲ. ದುಬೈಯಂತಹ ಮರಳುಗಾಡಿನ ಕಡಲ ನಗರಕ್ಕೆ ಹೊರಡುವವರು ಎಲ್ಲಕ್ಕಿಂತ ಮೊದಲು ನಿಶ್ಚಯಿಸಬೇಕಾದುದು ತಿಂಗಳನ್ನೇ.

'ಕಲಬುರಗಿ, ರಾಯಚೂರುಗಳ ಬಿಸಿಲು ಕಂಡವರು ನಾವು, ದುಬೈಯ ಬಿಸಿಲಿಗೆ ಅಂಜುವುದೇಕೆ?' ಎಂದು ನಮ್ಮ ಕಡೆಯ ಹಿರಿಯರು ಕೇಳುವುದುಂಟು. ಅಂಕಿಗಳನ್ನಷ್ಟೇ ನೋಡಿದರೆ ಮಾತು ಸರಿಯೇ. ಕಲಬುರಗಿಯಲ್ಲಿ ಮೇ ತಿಂಗಳ ಹಗಲು 42 ಡಿಗ್ರಿ ಮುಟ್ಟುವುದು ಹೊಸದಲ್ಲ. ದುಬೈಯಲ್ಲಿ ಜುಲೈ, ಆಗಸ್ಟ್ ತಿಂಗಳುಗಳ ಸರಾಸರಿ ಗರಿಷ್ಠ ಉಷ್ಣತೆಯೂ 41 ಡಿಗ್ರಿಯ ಆಸುಪಾಸಿನದೇ. ವ್ಯತ್ಯಾಸವಿರುವುದು ಗಾಳಿಯಲ್ಲಿ. ನಮ್ಮದು ಒಣ ಬೇಸಗೆ. ಬೆವರು ಬೇಗ ಆರಿ ಮೈ ತಣಿಯುತ್ತದೆ, ಬೇವಿನ ನೆರಳಿಗೆ ಬಂದರೆ ಜೀವ ಬಂದಂತಾಗುತ್ತದೆ. ದುಬೈಯಾದರೋ ಪರ್ಷಿಯನ್ ಕೊಲ್ಲಿಯ ದಂಡೆಯ ಮೇಲಿದೆ. ಆ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರು ಮಾತ್ರ. ಆದ್ದರಿಂದ ಬೇಸಗೆಯಲ್ಲಿ ಅದರ ನೀರು 32-33 ಡಿಗ್ರಿಯವರೆಗೂ ಕಾಯುತ್ತದೆ. ಅದರ ಆವಿಯಿಂದ ತುಂಬಿದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ನೆರಳೂ ನೆರವಿಗೆ ಬಾರದು. ಒಳನಾಡಿನ ಮರಳು ರಾತ್ರಿ ಬೇಗ ತಣಿಯುತ್ತದೆ. ಕಡಲ ದಂಡೆಯಲ್ಲಿ ಮಾತ್ರ ನಡುರಾತ್ರಿಯೂ 30 ಡಿಗ್ರಿಯ ಸೆಕೆ ಉಳಿದಿರುತ್ತದೆ.

ಆ ನೆಲದ ಜನ ಇದನ್ನು ಹಿಂದೆಯೇ ಅರಿತಿದ್ದರು. ಎಣ್ಣೆಯ ಸಂಪತ್ತು ಬರುವ ಮೊದಲು, ಬೇಸಗೆ ಬಂತೆಂದರೆ ಗಂಡಸರಲ್ಲಿ ಅನೇಕರು ಮುತ್ತು ತೆಗೆಯಲು ದೋಣಿಗಳಲ್ಲಿ ಕಡಲಿಗೆ ಹೋಗುತ್ತಿದ್ದರು. ಅನುಕೂಲವಿದ್ದ ಕುಟುಂಬಗಳು ಒಳನಾಡಿನ ಖರ್ಜೂರದ ತೋಪುಗಳಿಗೆ ತೆರಳಿ, ಹಣ್ಣಿನ ಕಾಲವನ್ನು ಅಲ್ಲಿಯೇ ಕಳೆಯುತ್ತಿದ್ದವು. ಊರಿನವರೇ ಊರು ಬಿಡುತ್ತಿದ್ದ ತಿಂಗಳುಗಳಲ್ಲಿ ಪರವೂರಿನವರು ಅಲ್ಲಿಗೆ ಹೋಗುವುದು ಉಚಿತವೇ ಎಂಬುದನ್ನು ವಿಚಾರಿಸಬೇಕು.

ನಾವು ಆ ನಗರವನ್ನು ಎರಡು ಕಾಲಗಳಲ್ಲಿ ಕಂಡಿದ್ದೇವೆ. ಮೊದಲ ಸಲ ಹೋದದ್ದು ಮಗಳ ಬಾಣಂತನಕ್ಕೆ, ಆಗಸ್ಟಿನಲ್ಲಿ. ಅಂತಹ ಕಾರ್ಯಕ್ಕೆ ಹೊರಟವರಿಗೆ ತಿಂಗಳನ್ನು ಆರಿಸುವ ಅವಕಾಶವೆಲ್ಲಿಯದು? ಬೆಳಗಿನ ಆರು ಗಂಟೆಗೆ ಕೆಳಗಿಳಿದರೂ ಹೊರಗಿನ ತೇವಕ್ಕೆ ಕನ್ನಡಕ ಮಸುಕಾಗುತ್ತಿತ್ತು. ಮೊಮ್ಮಗುವಿನ ಮುಖ ನೋಡುವ ಸುಖವೊಂದನ್ನು ಬಿಟ್ಟರೆ, ಗಾಜಿನ ಕಿಟಕಿಯಾಚೆಯ ನಗರ ನಮಗೆ ಚಿತ್ರಪಟವಾಗಿಯೇ ಉಳಿಯಿತು. ಎರಡನೆಯ ಸಲ ಜನವರಿಯಲ್ಲಿ ಹೋದಾಗ ಅದೇ ಮನೆಯಿಂದ ನಿತ್ಯವೂ ಸಂಜೆ ಹೊರಗೆ ಹೋದೆವು. 'ಅಬ್ರಾ' ಎಂಬ ಪುಟ್ಟ ದೋಣಿಯಲ್ಲಿ ಕುಳಿತು ಊರ ನಡುವಿನ ಕಡಲ ಸೆರಗನ್ನು ದಾಟಿದೆವು. ಅಲ್ ಫಹೀದಿ ಓಣಿಗಳಲ್ಲಿ, ಗಾಳಿಯನ್ನು ಹಿಡಿದು ಮನೆಯೊಳಕ್ಕೆ ಇಳಿಸುತ್ತಿದ್ದ ಹಳೆಯ ಗೋಪುರಗಳನ್ನು ನೋಡುತ್ತ ಅಡ್ಡಾಡಿದೆವು. ಮೊಣಕಾಲು ನೋವಿನ ನಮ್ಮ ಮನೆಯವರೂ ದಣಿವೆನ್ನಲಿಲ್ಲ.

ಈಗ ತಿಂಗಳುಗಳ ವಿಚಾರ. ನವೆಂಬರಿನಿಂದ ಮಾರ್ಚಿಯವರೆಗಿನದು ಹಿತವಾದ ಕಾಲ. ಜನವರಿಯ ಹಗಲು ಸುಮಾರು 24 ಡಿಗ್ರಿ, ರಾತ್ರಿ 14-15. ಹಿರಿಯರಿಗೆ ಒಂದು ಶಾಲು ಬೇಕಾಗುತ್ತದೆ. ವರ್ಷದ ಮಳೆ ಸಾಧಾರಣವಾಗಿ 100 ಮಿಲಿಮೀಟರಿಗೂ ಕಡಿಮೆ, ಅದರಲ್ಲಿ ಹೆಚ್ಚಿನದು ಡಿಸೆಂಬರಿನಿಂದ ಮಾರ್ಚಿಯೊಳಗೆ ಬೀಳುತ್ತದೆ. ಆದರೂ 2024ರ ಏಪ್ರಿಲ್ 16ರಂದು ಸುರಿದ ಮಳೆಗೆ ರಸ್ತೆಗಳು ಹೊಳೆಯಾಗಿ ವಿಮಾನ ಸಂಚಾರವೇ ಅಸ್ತವ್ಯಸ್ತವಾಯಿತು. ಡಿಸೆಂಬರಿನ ಕೊನೆಯ ವಾರದಲ್ಲಿ, 828 ಮೀಟರು ಎತ್ತರದ ಬುರ್ಜ್ ಖಲೀಫಾದೆದುರು ಹೊಸ ವರ್ಷದ ಪಟಾಕಿ ನೋಡಲು ಜನಸಾಗರವೇ ನೆರೆಯುತ್ತದೆ. ಆಗ ಟಿಕೆಟ್ಟೂ ಕೋಣೆಯ ಬಾಡಿಗೆಯೂ ಏರಿರುತ್ತವೆ. ರಮಜಾನ್ ಮಾಸ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2026ರಲ್ಲಿ ಅದು ಫೆಬ್ರವರಿ-ಮಾರ್ಚಿಯದು. ಆ ಮಾಸದಲ್ಲಿ ಹೋದವರು ಹಗಲಲ್ಲಿ ಬೀದಿಯಲ್ಲಿ ತಿನ್ನದೆ, ಕುಡಿಯದೆ ಅಲ್ಲಿಯವರ ವ್ರತಕ್ಕೆ ಗೌರವ ತೋರಬೇಕು.

ಇವೆಲ್ಲವನ್ನೂ ತೂಗಿ ನೋಡಿದಾಗ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗಿನ ಒಂದು ತಿಂಗಳೇ ಸರ್ವೋತ್ತಮವೆಂದು ನಮಗೆ ತೋರುತ್ತದೆ. ಸೆಕೆ ಇಳಿದಿರುತ್ತದೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ವರ್ಷಾಂತ್ಯದ ನೂಕುನುಗ್ಗಲು ಆರಂಭವಾಗಿರುವುದಿಲ್ಲ. ಶಾಲೆಯ ಮಕ್ಕಳಿರುವ ಮನೆಗಳಿಗೆ ಈ ಕಾಲ ಒದಗದು. ಅಂಥವರು ಬೇಸಗೆ ರಜೆಯ ಮೇ ತಿಂಗಳನ್ನು ಬಿಟ್ಟು ಏಪ್ರಿಲ್ ಮೊದಲ ಭಾಗದಲ್ಲಿಯೇ ಹೋಗಿ ಬರುವುದು ಲೇಸು. ದಸರೆಯ ರಜೆಯಾದರೆ, ಹಗಲು ಇನ್ನೂ 35 ಡಿಗ್ರಿ ದಾಟಿರುವುದರಿಂದ, ನಡುಹಗಲನ್ನು ಒಳಗೆ ಕಳೆದು ಮುಂಜಾನೆ ಮತ್ತು ಸಂಜೆಗಳನ್ನಷ್ಟೇ ತಿರುಗಾಟಕ್ಕೆ ಇಟ್ಟುಕೊಳ್ಳಬೇಕು. ಸಸ್ಯಾಹಾರದ ಚಿಂತೆ ಬೇಡ, ಬರ್ ದುಬೈ ಮತ್ತು ಕರಾಮಾ ಬಡಾವಣೆಗಳಲ್ಲಿ ನಮ್ಮ ದೇಶದವರ ಶಾಕಾಹಾರಿ ಖಾನಾವಳಿಗಳು ಧಾರಾಳವಾಗಿವೆ.

ತಿಂಗಳನ್ನು ಆರಿಸಬಲ್ಲ ನಾವು ಅನುಕೂಲವಂತರು. ಆರಿಸಲಾಗದವರನ್ನೂ ಅಲ್ಲಿ ಕಾಣುತ್ತೇವೆ. ಆ ಗೋಪುರಗಳನ್ನು ಕಟ್ಟಿದ ಕೈಗಳಲ್ಲಿ ನಮ್ಮ ದೇಶದವರವೂ ಎಷ್ಟೋ ಇವೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಕಟ್ಟಳೆ ಅಲ್ಲಿದೆ. ಉಳಿದ ಹೊತ್ತಿನಲ್ಲಿ ಅವರು ದುಡಿಯಲೇಬೇಕು. ಚಳಿಗಾಲದ ಸಂಜೆಯಲ್ಲಿ ಆ ಬೀದಿಗಳನ್ನು ನೋಡಿ ಮೆಚ್ಚುವಾಗ ಅವರ ನೆನಪಿರಲಿ.

ದೂರದಲ್ಲಿರುವ ಮಕ್ಕಳಿಗೂ ನಮ್ಮದೊಂದು ಮಾತು. ಟಿಕೆಟ್ಟು ಅಗ್ಗವಾಯಿತೆಂದು ಜುಲೈಯಲ್ಲಿ ಹಿರಿಯರನ್ನು ಕರೆಸಿಕೊಂಡು ನಾಲ್ಕು ಗೋಡೆಗಳೊಳಗೆ ಕೂರಿಸಬೇಡಿ. ವಯಸ್ಸಾದವರಿಗೆ ಇಂತಹ ಪಯಣ ಮತ್ತೆ ಮತ್ತೆ ಒದಗುವಂಥದಲ್ಲ. ಅವರು ನಿಮ್ಮ ಕೈ ಹಿಡಿದು ಕಡಲ ದಂಡೆಯಲ್ಲಿ ನಡೆಯಬಲ್ಲ ತಿಂಗಳು ಯಾವುದೆಂದು ನೋಡಿ, ಆಗ ಕರೆಯಿರಿ.