ಉಪ್ಪುನೀರಿನ ಪ್ರಶ್ನೆ

ತಿರುಮಣಿಯಲ್ಲಿ ಬೋಧನಾಭ್ಯಾಸದ ಎರಡನೇ ವಾರ. ಎಂಟನೇ ತರಗತಿಗೆ ಕಡಲಾಮೆಗಳ ಬಗ್ಗೆ ಪಾಠ ಯೋಜನೆ ಬರೆದುಕೊಂಡು ಹೋಗಿದ್ದೆ. ಪಾವಗಡ ತಾಲ್ಲೂಕಿಗೂ ಕಡಲಿಗೂ ಎಷ್ಟು ದೂರ ಎಂದು ಯೋಚಿಸಿರಲಿಲ್ಲ. ಐದು ಜಾತಿಗಳ ಚಾರ್ಟ್ ಚೆನ್ನಾಗಿ ಬಂದಿತ್ತು. ನನ್ನ ಧೈರ್ಯವೆಲ್ಲ ಅದೇ.

ಪೂರ್ವಜ್ಞಾನ ತಿಳಿಯಲು "ಆಮೆ ನೋಡಿದ್ದೀರಾ?" ಎಂದೆ. "ತಾಬೇಲು ಸಾರ್!" ಎಂದು ತೆಲುಗಿನಲ್ಲೇ ಕೂಗಿದರು. ಒಬ್ಬ ಹುಡುಗ ಹೊಲದ ಬದುವಿನಲ್ಲಿ ಕಂಡ, ಬೆನ್ನ ಮೇಲೆ ಚುಕ್ಕಿಗಳಂಥ ಗೆರೆಯಿದ್ದ ಆಮೆಯ ಕಥೆ ಶುರುಮಾಡಿದ. ಒಣ ಕುರುಚಲು ನೆಲದ ನಕ್ಷತ್ರ ಆಮೆ ಅದು. ನಾನು "ಅದಲ್ಲಪ್ಪ, ಇದು ಬೇರೆ" ಎಂದು ಚಾರ್ಟ್ ಬಿಚ್ಚಿದೆ. ಅವನ ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತದೆ, ಕಡಲಾಮೆಗೆ ಅದು ಆಗದು. ಅದರ ಕಾಲು ಗಿಡ್ಡ ಕಂಬ, ಇದರದ್ದು ದೋಣಿಯ ಹುಟ್ಟು. ಇಷ್ಟು ಹೇಳಿದ್ದರೆ ಪಾಠ ಅವನ ಹೊಲದಿಂದಲೇ ಆರಂಭವಾಗುತ್ತಿತ್ತು.

ಹುಲ್ಲು ಮೇಯುವ ಹಸಿರು ಆಮೆ, ಸ್ಪಂಜು ತಿನ್ನುವ ಹಾಕ್ಸ್‌ಬಿಲ್, ಚಿಪ್ಪುಜೀವಿಗಳನ್ನು ಅಗಿಯುವ ಲಾಗರ್‌ಹೆಡ್, ಗಟ್ಟಿ ಚಿಪ್ಪಿಲ್ಲದ ದೈತ್ಯ ಲೆದರ್‌ಬ್ಯಾಕ್ ಬೇಗ ಮುಗಿದವು. ಆಲಿವ್ ರಿಡ್ಲೆ ಹತ್ತಿರ ನಿಂತೆ. ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ಅದೇ. ಕಾರವಾರ, ಹೊನ್ನಾವರದ ಕಾಸರಕೋಡು, ಕುಂದಾಪುರದ ಕಡೆಯ ಮರಳಿನಲ್ಲಿ ರಾತ್ರಿ ಗುಂಡಿ ತೋಡಿ ಸುಮಾರು ನೂರು ಮೊಟ್ಟೆಯಿಟ್ಟು, ಮುಚ್ಚಿ, ತಿರುಗಿ ನೋಡದೆ ಹೋಗುತ್ತದೆ. ತರಗತಿ ನಿಶ್ಶಬ್ದವಾಗಿತ್ತು. ಆ ಹುಮ್ಮಸ್ಸಿಗೆ "ನೋವಿಗೆ ತಾಯಿ ಆಮೆ ಕಣ್ಣೀರು ಸುರಿಸುತ್ತದೆ" ಎಂದು ಸೇರಿಸಿದೆ.

ಮುಂದಿನ ಸಾಲಿನ ಹುಡುಗಿ ಎದ್ದಳು. "ಯಾವಾಗ್ಲೂ ಉಪ್ಪುನೀರಾಗೇ ಇದ್ರೆ ಕುಡಿಯೋಕೆ ಏನ್ ಮಾಡ್ತದೆ ಸಾರ್? ನಮ್ಮ ಬೋರ್ ನೀರೇ ಬಾಯಿಗೆ ಹಾಕೋಕಾಗಲ್ಲ."

"ಮಳೆನೀರು ಕುಡಿಯುತ್ತದೆ" ಎಂದೆ. ನಾಚಿಕೆಯಿಲ್ಲದೆ.

ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ಗೊತ್ತಿಲ್ಲ ಎಂದಿದ್ದರೆ ಅಂಕ ಕಡಿಮೆಯಾಗುತ್ತಿರಲಿಲ್ಲ."

ರಾತ್ರಿ ಓದಿದಾಗ ತಿಳಿಯಿತು, ನಾನು ಹೇಳಿದ ಎರಡು ತಪ್ಪಿಗೂ ಉತ್ತರ ಒಂದೇ. ಕಡಲಾಮೆ ಕಡಲಿನ ನೀರನ್ನೇ ಕುಡಿಯುತ್ತದೆ. ಹೆಚ್ಚಾದ ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿಗಳು ಗಟ್ಟಿ ಉಪ್ಪುನೀರಾಗಿ ಹೊರಹಾಕುತ್ತವೆ. ಮರಳಿನ ಮೇಲೆ ಕಾಣುವ ಕಣ್ಣೀರು ಅದೇ. ನೀರಿನೊಳಗೂ ಹರಿಯುತ್ತಿರುತ್ತದೆ, ನಮಗೆ ಕಾಣುವುದಿಲ್ಲ.

ಮರುದಿನ ಚಾರ್ಟ್ ಒಯ್ಯಲಿಲ್ಲ. ಅಂಗಡಿಯಲ್ಲಿ 35 ಗ್ರಾಂ ಉಪ್ಪು ತೂಗಿಸಿ, ಒಂದು ಲೀಟರ್ ಫಿಲ್ಟರ್ ನೀರಿಗೆ ಹಾಕಿ ಕಲಕಿದೆ. ಕಡಲಿನ ಉಪ್ಪು ಹೆಚ್ಚುಕಡಿಮೆ ಅಷ್ಟೇ. ಒಂದೊಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಕಿವುಚಿದರು. ನಮ್ಮ ಮೂತ್ರಪಿಂಡಕ್ಕೆ ಇಷ್ಟು ಉಪ್ಪು ಹೊರಹಾಕುವ ಶಕ್ತಿಯಿಲ್ಲ, ಅದಕ್ಕೇ ಕಡಲಿನ ನೀರು ಕುಡಿದರೆ ದಾಹ ಹೆಚ್ಚುತ್ತದೆ ಎಂದೆ. ಆಮೇಲೆ, "ನಿನ್ನೆ ನಾನು ಹೇಳಿದ್ದು ತಪ್ಪು. ಮಳೆನೀರಿನ ಮಾತು, ನೋವಿನ ಮಾತು ಎರಡೂ." ನಗುತ್ತಾರೆ ಎಂದುಕೊಂಡಿದ್ದೆ, ಯಾರೂ ನಗಲಿಲ್ಲ.

ಆ ಹುಡುಗಿ ಸ್ವಲ್ಪ ಯೋಚಿಸಿ, "ಹಂಗಾದ್ರೆ ಅದಕ್ಕೆ ಫಿಲ್ಟರು ಕಣ್ಣಾಗೇ ಐತೆ ಅನ್ನಿ" ಎಂದಳು.

ಅವಳ ಬೋರ್ ನೀರಿನ ಮಾತು ಮಾತ್ರ ಹಾಗೇ ಉಳಿದಿತ್ತು. ಪಾವಗಡದ ಅಂತರ್ಜಲದಲ್ಲಿ ಉಪ್ಪಿಗಿಂತ ದೊಡ್ಡ ತೊಂದರೆ ಫ್ಲೋರೈಡ್. ಅದು ನಾಲಿಗೆಗೆ ತಿಳಿಯುವುದಿಲ್ಲ, ಹಲ್ಲಿನಲ್ಲಿ, ಮೂಳೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಪಾಠ ಯೋಜನೆಗೆ ಅದನ್ನೇ ವಿಷಯವಾಗಿ ಬರೆದಿದ್ದೇನೆ. ಈ ಬಾರಿ ಪೀಠಿಕೆಗೆ ಅವಳನ್ನೇ ಮಾತಾಡಿಸಬೇಕು.