ಗಿಬ್ ನದಿಯ ದಾರಿಯಲ್ಲಿ

ಆಸ್ಟ್ರೇಲಿಯದ ಕಿಂಬರ್ಲಿ ಸೀಮೆಯ ಗಿಬ್ ನದಿ ರಸ್ತೆ ಸುಮಾರು 660 ಕಿಲೋಮೀಟರು. ದನ ಸಾಗಿಸಲೆಂದು ಮಾಡಿದ ಜಲ್ಲಿದಾರಿ. ಜೀಪಿನ ಹಿಂದೆ ಗುಡಾರದ ಟ್ರೈಲರ್ ಕಟ್ಟಿಕೊಂಡು ಮಗಳ ಸಂಸಾರದೊಡನೆ ಹೊರಟೆವು. ಮೊದಲ ದಿನವೇ ಎಲುಬೆಲ್ಲ ಸಡಿಲ! ಟೈರುಗಳ ಗಾಳಿಯನ್ನೂ ವೇಗವನ್ನೂ ತಗ್ಗಿಸಿದ ಮೇಲೆ ಜೀವ ಬಂದಂತಾಯಿತು.

ನಿಂತಲ್ಲೆಲ್ಲ ಟ್ರೈಲರಿನ ಚಕ್ರದ ನಡುಭಾಗವನ್ನು ಮುಟ್ಟಿ ನೋಡುತ್ತಿದ್ದೆವು. ಎರಡನೆಯ ದಿನ ಎಡಗಡೆಯದು ಕೈಯಿಡಲಾಗದಷ್ಟು ಕಾದಿತ್ತು, ಬೇರಿಂಗು ಸವೆದಿತ್ತು. ಹಾಗೆಯೇ ಹೋಗಿದ್ದರೆ ಚಕ್ರವೇ ಕಳಚುತ್ತಿತ್ತೇನೊ. ಅಳಿಯಂದಿರು ಜೊತೆಗೆ ತಂದಿದ್ದ ಹೊಸದನ್ನು ಹಾಕಿ ಗ್ರೀಸ್ ತುಂಬಿದರು. ನಮಗೆ ಊರಿನ ಎತ್ತಿನ ಗಾಡಿಯ ಕೀಲೆಣ್ಣೆ ನೆನಪಾಯಿತು.

ಪೆಂಟಕೋಸ್ಟ್ ನದಿಯ ದಂಡೆಯಲ್ಲಿ ಮೊಮ್ಮಕ್ಕಳಿಗೆ ಆತುರ. ಆದರೂ ಅರ್ಧ ಗಂಟೆ ಕಾದೆವು. ಬಿಸಿ ಬೇರಿಂಗು ತಣ್ಣೀರಿಗಿಳಿದರೆ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆಳ ತಿಳಿಯಲು ನೀರಿಗಿಳಿಯುವಂತಿಲ್ಲ, ಮೊಸಳೆಗಳುಂಟು. ಎದುರಿನಿಂದ ದಾಟಿ ಬಂದ ಗಾಡಿಯೊಂದರ ಮೇಲೆ ನೀರು ಎಲ್ಲಿಯವರೆಗೆ ಏರಿತ್ತೆಂದು ನೋಡಿಕೊಂಡು, ನಿಧಾನವಾಗಿ ಇಳಿದೆವು.